ಕ್ಯಾಷುವಲ್ಟಿಯಲ್ಲಿ ಕೇಳಲೇಬೇಕಾದ ಪ್ರಶ್ನೆ

ರಾತ್ರಿ ಹೊತ್ತು ಜಿಲ್ಲಾಸ್ಪತ್ರೆಯ ಕ್ಯಾಷುವಲ್ಟಿಗೆ ವಿಷ ಸೇವಿಸಿದವರನ್ನು ಹೊತ್ತು ತರುವವರ ಬಾಯಿಂದ ಬರುವ ಮೊದಲ ಮಾತು ಅನೇಕ ಸಲ ನಿಜವಾಗಿರುವುದಿಲ್ಲ. ‘ಹೊಟ್ಟೆನೋವಿತ್ತು ಸಾರ್, ಟಾನಿಕ್ ಅಂದ್ಕೊಂಡು ಕತ್ತಲೇಲಿ ಬೇರೆ ಬಾಟ್ಲಿ ಎತ್ಕೊಂಡ್ಬಿಟ್ಟ.’ ‘ಗದ್ದೆಗೆ ಔಷಧಿ ಹೊಡೀವಾಗ ಗಾಳಿಗೆ ಬಾಯಿಗೆ ಹೋಯ್ತು.’ ‘ತಲೆನೋವಿನ ಮಾತ್ರೆ ಒಂದೆರಡು ಜಾಸ್ತಿ ಆಯ್ತು, ಅಷ್ಟೆ.’ ಡ್ಯೂಟಿ ಡಾಕ್ಟರು ನಂಬಲಿ ಬಿಡಲಿ, ಹೇಳಿದ್ದನ್ನು ಹೇಳಿದ ಹಾಗೆಯೇ ಕೇಸ್ ಶೀಟಿನಲ್ಲಿ ಬರೆದುಕೊಂಡು, ಎಂಎಲ್‌ಸಿ (ಮೆಡಿಕೋ–ಲೀಗಲ್ ಕೇಸ್) ರಿಜಿಸ್ಟರಿನಲ್ಲಿ ನಮೂದಿಸಿ, ಪೊಲೀಸ್ ಔಟ್‌ಪೋಸ್ಟಿಗೆ ಚೀಟಿ ಕಳಿಸುತ್ತಾರೆ. ಅಷ್ಟರಲ್ಲಿ ಸಿಸ್ಟರ್ ಡ್ರಿಪ್ ಹಾಕಿರುತ್ತಾರೆ, ಮೂಗಿನಿಂದ ನಳಿಗೆ ಇಳಿದಿರುತ್ತದೆ. ಆ ಹೊತ್ತಿನಲ್ಲಿ ಉಸಿರು, ನಾಡಿ, ರಕ್ತದೊತ್ತಡ ಬಿಟ್ಟು ಬೇರೇನನ್ನೂ ವಿಚಾರಿಸಲು ಸಮಯವಿರುವುದಿಲ್ಲ. ವಿಚಾರಿಸಬೇಕಾಗಿಯೂ ಇಲ್ಲ.

ಕಷ್ಟದ ಕೆಲಸ ಶುರುವಾಗುವುದು ಮಾರನೆಯ ದಿನ. ಜೀವ ಉಳಿಯಿತು. ಈ ಮನುಷ್ಯ ಮತ್ತೆ ಹೀಗೆ ಮಾಡಿಕೊಳ್ಳುತ್ತಾನೆಯೆ? ಮನೆಗೆ ಕಳಿಸಬಹುದೆ, ವಾರ್ಡಿನಲ್ಲಿ ಇಟ್ಟುಕೊಳ್ಳಬೇಕೆ? ಇದನ್ನು ತೀರ್ಮಾನಿಸಲು ರಕ್ತಪರೀಕ್ಷೆಯೂ ಇಲ್ಲ, ಸ್ಕ್ಯಾನೂ ಇಲ್ಲ. ಇರುವುದು ಮಾತು ಮಾತ್ರ, ಮತ್ತು ಆ ಮಾತಿಗೆ ಮೊದಲ ಅಡ್ಡಿ ಬಾಗಿಲಲ್ಲೇ ಹುಟ್ಟಿಕೊಂಡ ಆ ಹೊಟ್ಟೆನೋವಿನ ಕಥೆ.

ಆ ಕಥೆಗೆ ಬಹುಕಾಲ ಕಾನೂನೇ ನೀರೆರೆದಿತ್ತು. ಬ್ರಿಟಿಷರ ಕಾಲದ ಭಾರತೀಯ ದಂಡ ಸಂಹಿತೆಯ 309ನೇ ಸೆಕ್ಷನ್ ಪ್ರಕಾರ ಆತ್ಮಹತ್ಯೆಗೆ ಯತ್ನಿಸುವುದು ಅಪರಾಧವಾಗಿತ್ತು. ಒಂದು ವರ್ಷದವರೆಗೆ ಸಾದಾ ಸಜೆ, ಇಲ್ಲವೇ ದಂಡ, ಇಲ್ಲವೇ ಎರಡೂ. ಬದುಕು ಸಾಕೆಂದವನಿಗೆ ಜೈಲು ತೋರಿಸಿ ಬದುಕಲು ಹೇಳುವ ಈ ವಿಚಿತ್ರ ನ್ಯಾಯ ತಲೆಮಾರುಗಟ್ಟಲೆ ನಡೆಯಿತು. 2018ರ ಮೇ 29ರಂದು ಜಾರಿಗೆ ಬಂದ ಮಾನಸಿಕ ಆರೋಗ್ಯ ಕಾಯ್ದೆಯ 115ನೇ ಸೆಕ್ಷನ್ ಇದಕ್ಕೆ ತಡೆ ಹಾಕಿತು. ಯತ್ನಿಸಿದ ವ್ಯಕ್ತಿ ತೀವ್ರ ಒತ್ತಡದಲ್ಲಿದ್ದನೆಂದೇ ಭಾವಿಸಬೇಕು, ವಿಚಾರಣೆ–ಶಿಕ್ಷೆ ಕೂಡದು, ಮತ್ತೆ ಯತ್ನಿಸದಂತೆ ಆರೈಕೆ ಕೊಡುವುದು ಸರ್ಕಾರದ ಹೊಣೆ ಎಂದು ಅದು ಹೇಳಿತು. 2024ರ ಜುಲೈ 1ರಿಂದ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಹಳೆಯ 309 ಇಲ್ಲವೇ ಇಲ್ಲ. ಸರ್ಕಾರಿ ನೌಕರರನ್ನು ಮಣಿಸುವುದಕ್ಕಾಗಿ ಹಾಗೆ ಮಾಡುವುದಷ್ಟೇ ಈಗ ಅಪರಾಧ. ಎಂಎಲ್‌ಸಿ ಪದ್ಧತಿ ಮಾತ್ರ ಉಳಿದುಕೊಂಡಿದೆ. ಖಾಕಿ ಕಂಡ ಕೂಡಲೇ ಮನೆಯವರ ಬಾಯಿ ಕಟ್ಟುತ್ತದೆ. ಜೊತೆಗೆ ವಿಮೆಯ ಹಣ ಸಿಗದೇ ಹೋದೀತೆಂಬ ಆತಂಕ, ಊರವರು ಏನಂದುಕೊಂಡಾರು ಎಂಬ ಅಂಜಿಕೆ, ಮದುವೆಯಾಗಬೇಕಾದ ತಂಗಿಯ ಚಿಂತೆ. ಸುಳ್ಳು ಹೇಳುವವರನ್ನು ಗದರಿಸಿ ಪ್ರಯೋಜನವಿಲ್ಲ. ಕಾನೂನು ಬದಲಾಗಿದೆ ಎಂಬುದನ್ನು ಅವರಿಗೆ ಯಾರೂ ಹೇಳಿರುವುದಿಲ್ಲ. ವೈದ್ಯರು ಅದನ್ನು ಎರಡು ವಾಕ್ಯದಲ್ಲಿ ಹೇಳಿದರೆ ಎಷ್ಟೋ ಹೊಟ್ಟೆನೋವುಗಳು ಅಲ್ಲೇ ವಾಸಿಯಾಗುತ್ತವೆ.

ಮಾತಿಗೆ ಕೂರುವ ಮುನ್ನ ರೋಗಿಯ ತಲೆ ತಿಳಿಯಾಗಿರಬೇಕು. ನಮ್ಮ ಹಳ್ಳಿಗಾಡಿನ ಆಸ್ಪತ್ರೆಗಳಲ್ಲಿ ಇದು ಸಣ್ಣ ಷರತ್ತೇನೂ ಅಲ್ಲ. ಅನೇಕ ಕೀಟನಾಶಕಗಳ ವಿಷಕ್ಕೆ ಕೊಡುವ ಮುಖ್ಯ ಮದ್ದು ಅಟ್ರೋಪಿನ್. ಶ್ವಾಸಕೋಶದಲ್ಲಿ ತುಂಬಿಕೊಳ್ಳುವ ನೀರನ್ನು ಒಣಗಿಸಿ, ಕುಗ್ಗಿದ ಹೃದಯದ ಬಡಿತವನ್ನು ಎತ್ತುವುದು ಅದರ ಕೆಲಸ. ಅದೇ ಮದ್ದು ಮಿದುಳಿಗೂ ಹೋಗುತ್ತದೆ. ಪ್ರಮಾಣ ಕೊಂಚ ಏರಿತೆಂದರೆ ಮುಖ ಕೆಂಪಾಗಿ, ಬಾಯಿ ಒಣಗಿ, ಪಾಪೆ ಅಗಲವಾಗಿ, ರೋಗಿ ಏನೇನೋ ಗೊಣಗಲಾರಂಭಿಸುತ್ತಾನೆ. ಗಾಳಿಯಲ್ಲಿ ಇಲ್ಲದ ನೂಲನ್ನು ಹಿಡಿಯುತ್ತಾನೆ, ಹೊದಿಕೆಯ ಮೇಲೆ ಹರಿದಾಡುವ, ತನಗೆ ಮಾತ್ರ ಕಾಣುವ ಹುಳಗಳನ್ನು ಕೊಡವುತ್ತಾನೆ, ಡ್ರಿಪ್ ಕಿತ್ತು ಎದ್ದು ನಿಲ್ಲುತ್ತಾನೆ. ಗಾಳಿ ಮೆಟ್ಟಿಕೊಂಡಿದೆ ಎಂದು ಅಜ್ಜಿ ಅಳುತ್ತಾಳೆ. ಈ ಸ್ಥಿತಿಯಲ್ಲಿ ‘ಯಾಕಪ್ಪಾ ಹೀಗೆ ಮಾಡ್ಕೊಂಡೆ’ ಎಂದು ಕೇಳಿ ಪಡೆದ ಉತ್ತರಕ್ಕೆ ಬೆಲೆಯಿಲ್ಲ. ಮದ್ಯದ ಅಮಲಿನಲ್ಲಿ ಬಂದವರ ವಿಷಯವೂ ಅಷ್ಟೇ. ಕಾಯಬೇಕು. ಕಾಯುವಷ್ಟು ಹೊತ್ತೂ ರೋಗಿಯ ಮೇಲೆ ಒಬ್ಬರ ಕಣ್ಣಿರಬೇಕು.

ತಲೆ ತಿಳಿಯಾಗುವುದಕ್ಕೂ ಡಿಸ್ಚಾರ್ಜಿಗೂ ನಡುವೆ ಸಿಗುವ ಕಿಂಡಿ ಬಹಳ ಸಣ್ಣದು. ರೋಗಿಗೆ ನಾಚಿಕೆ, ಮನೆಯವರಿಗೆ ಅವಸರ. ‘ಈಗ ಸರಿಯಾಗಿದಾನೆ ಸಾರ್, ಕಳ್ಸಿಬಿಡಿ’ ಎನ್ನುತ್ತಾರೆ. ಒಪ್ಪದಿದ್ದರೆ ವೈದ್ಯರ ಸಲಹೆಗೆ ವಿರುದ್ಧವಾಗಿ ಹೋಗುತ್ತಿದ್ದೇವೆಂದು ಸಹಿ ಹಾಕಿ ಹೊರಟೇಬಿಡುತ್ತಾರೆ. ಮನೋವೈದ್ಯರಿಗೆ ಬರೆದ ರೆಫರಲ್ ಚೀಟಿ ಫೈಲಿನಲ್ಲೇ ಉಳಿಯುತ್ತದೆ. ಆದ್ದರಿಂದ ಈ ಮಾತುಕತೆಯನ್ನು ಮನೋವೈದ್ಯರು ಬರುವವರೆಗೆ ಮುಂದೂಡದೆ, ಅಲ್ಲಿರುವ ಹೌಸ್‌ಸರ್ಜನ್ನೋ ಸಿಸ್ಟರೋ ಶುರುಮಾಡುವುದು ಒಳ್ಳೆಯದು.

ಕೇಳಿದರೆ ಇಲ್ಲದ ಯೋಚನೆಯನ್ನು ತಲೆಗೆ ತುಂಬಿದಂತಾಗುವುದಿಲ್ಲವೆ ಎಂಬ ಭಯ ಅನೇಕರಿಗಿದೆ, ವೈದ್ಯರಿಗೂ ಇದೆ. ಈ ಭಯವನ್ನು ಪರೀಕ್ಷಿಸಿ ನೋಡಿದ್ದಾರೆ. ನ್ಯೂಯಾರ್ಕ್ ರಾಜ್ಯದ ಹೈಸ್ಕೂಲುಗಳಲ್ಲಿ 2,342 ವಿದ್ಯಾರ್ಥಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಆತ್ಮಹತ್ಯೆಯ ಬಗ್ಗೆ ನೇರ ಪ್ರಶ್ನೆಗಳನ್ನು ಕೇಳಿದರು, ಇನ್ನೊಂದಕ್ಕೆ ಕೇಳಲಿಲ್ಲ. 2005ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಕೇಳಿಸಿಕೊಂಡವರ ಸಂಕಟ ಒಂದಿಷ್ಟೂ ಹೆಚ್ಚಾಗಿರಲಿಲ್ಲ. ಮೊದಲೇ ಖಿನ್ನತೆಯಿದ್ದವರಿಗೆ, ಹಿಂದೆ ಯತ್ನಿಸಿದ್ದವರಿಗೆ ಕೊಂಚ ಹಗುರವೇ ಆದಂತಿತ್ತು.

ಹೇಗೆ ಕೇಳುತ್ತೇವೆ ಎಂಬುದು ಬೇರೆ ಮಾತು. ಇಂಗ್ಲೆಂಡಿನ ರೋಸ್ ಮೆಕೇಬ್ ಮತ್ತು ಸಂಗಡಿಗರು ಮನೋವೈದ್ಯರು ರೋಗಿಗಳೊಡನೆ ಆಡಿದ ಮಾತನ್ನು ಚಿತ್ರೀಕರಿಸಿಕೊಂಡು ಸಾಲು ಸಾಲಾಗಿ ಪರಿಶೀಲಿಸಿದರು. 2017ರಲ್ಲಿ ಅವರು ಪ್ರಕಟಿಸಿದ ಪ್ರಕಾರ, ಈ ವಿಷಯದ ಪ್ರಶ್ನೆಗಳಲ್ಲಿ ಮುಕ್ಕಾಲುಪಾಲು ‘ಇಲ್ಲ’ ಎಂಬ ಉತ್ತರವನ್ನೇ ಬಯಸುವ ಧಾಟಿಯಲ್ಲಿದ್ದವು, ಮತ್ತು ರೋಗಿಗಳು ವಿನಯದಿಂದ ಇಲ್ಲವೆಂದೇ ಹೇಳುತ್ತಿದ್ದರು. ನಮ್ಮಲ್ಲೂ ಇದು ಚೆನ್ನಾಗಿ ಚಾಲ್ತಿಯಲ್ಲಿದೆ: ‘ಸಾಯ್ಬೇಕು ಅಂತೇನೂ ಇರ್ಲಿಲ್ಲ ತಾನೆ?’ ಹೀಗೆ ಕೇಳಿದ ವೈದ್ಯರಿಗೆ ಬೇಕಿರುವುದು ನೆಮ್ಮದಿ. ಅದು ಸಿಗುತ್ತದೆ, ಮಾಹಿತಿ ಸಿಗುವುದಿಲ್ಲ.

ಚೆನ್ನಾಗಿ ಕೇಳುವುದೆಂದರೆ ಹೇಗೆ? ಮಂಡ್ಯದ ಕಡೆಯ, ಇಪ್ಪತ್ತಾರರ ಆಸುಪಾಸಿನ ಒಬ್ಬ ಹೆಣ್ಣುಮಗಳನ್ನು ಊಹಿಸಿಕೊಳ್ಳೋಣ. ಮಾತ್ರೆ ನುಂಗಿ ಬಂದು ಎರಡನೆಯ ದಿನ. ಮಂಚದ ಒಂದು ಕಡೆ ಅತ್ತೆ, ಇನ್ನೊಂದು ಕಡೆ ಗಂಡ. ಮದುವೆಯಾಗಿ ಏಳು ವರ್ಷದೊಳಗೆ ಹೆಣ್ಣುಮಗಳು ಅಸಹಜವಾಗಿ ಸತ್ತರೆ ತಹಶೀಲ್ದಾರರ ತನಿಖೆ ಬರುತ್ತದೆಂದು ಇವರಿಗೆ ಗೊತ್ತು. ಅವಳು ಯಾರ ಹತ್ತಿರ ಏನು ಹೇಳುತ್ತಾಳೋ ಎಂದು ಇಬ್ಬರೂ ಅಲ್ಲಾಡುತ್ತಿಲ್ಲ. ಹೌಸ್‌ಸರ್ಜನ್ ಮೊದಲು ಮಾಡಬೇಕಾದ ಕೆಲಸ ಇವರಿಬ್ಬರನ್ನೂ ಔಷಧಿ ತರಲೆಂದೋ ಬಿಲ್ ವಿಚಾರಿಸಲೆಂದೋ ಆಚೆ ಕಳಿಸುವುದು. ಆಮೇಲೆ ಸ್ಟೂಲು ಎಳೆದುಕೊಂಡು ಕೂರುತ್ತಾಳೆ. ನಿಂತುಕೊಂಡು ಕೇಳುವ ಪ್ರಶ್ನೆಯಲ್ಲ ಇದು.

‘ಮೊನ್ನೆ ಮಧ್ಯಾಹ್ನದಿಂದ ಹೇಳಮ್ಮ. ಊಟ ಮಾಡಿದ್ರಾ ಅವತ್ತು?’

‘ಇಲ್ಲ ಮೇಡಂ. ಸಂಘದ ಕಂತು ಕಟ್ಬೇಕಿತ್ತು. ದುಡ್ಡು ಹೊಂದಿಸೋಕೆ ಹೋಗಿದ್ದೆ.’

‘ಸಿಕ್ತಾ?’

‘ಇಲ್ಲ.’

‘ಆಮೇಲೆ ಮನೆಗೆ ಬಂದ್ರಿ.’

‘ಬಂದೆ. ಅವ್ರು ಕುಡ್ಕೊಂಡು ಬಂದಿದ್ರು.’

‘ಕೈ ಮಾಡಿದ್ರಾ?’

ಉತ್ತರವಿಲ್ಲ. ಹೊದಿಕೆಯ ಅಂಚನ್ನು ಮಡಿಸಿ ಬಿಡಿಸಿ ಮಾಡುತ್ತಾಳೆ.

‘ಇಷ್ಟೊಂದು ಕಷ್ಟ ಒಟ್ಟಿಗೆ ಬಂದಾಗ ಎಷ್ಟೋ ಜನಕ್ಕೆ ಬದುಕೇ ಬೇಡ ಅನ್ಸಿಬಿಡುತ್ತೆ. ನಿಮಗೂ ಹಾಗನ್ಸಿತ್ತಾ?’

‘ಸಾಕು ಅನ್ಸಿತ್ತು.’

‘ಸಾಕು ಅಂದ್ರೆ, ಸತ್ತೋಗ್ಬೇಕು ಅಂತಾನಾ?’

‘ಹ್ಞೂಂ.’

‘ಈಗ?’

‘ಗೊತ್ತಿಲ್ಲ ಮೇಡಂ. ಮಗಳದ್ದೇ ಯೋಚ್ನೆ.’

ಇಲ್ಲಿ ಯಾವ ಪ್ರಶ್ನೆಯೂ ‘ಯಾಕೆ’ ಎಂದು ಶುರುವಾಗಿಲ್ಲ. ಯಾಕೆ ಎಂದರೆ ಸಮಜಾಯಿಷಿ ಬರುತ್ತದೆ. ಆಮೇಲೇನಾಯಿತು ಎಂದರೆ ಘಟನೆ ಬರುತ್ತದೆ. ಅಮೆರಿಕದ ಮನೋವೈದ್ಯ ಶಾನ್ ಶೇ ರೂಪಿಸಿದ ಸಂದರ್ಶನ ಕ್ರಮದ ತಿರುಳು ಇದೇ. ಈಗ ನಡೆದದ್ದನ್ನು ಸಿನಿಮಾ ರೀಲಿನ ಹಾಗೆ ಒಂದೊಂದೇ ಚಿತ್ರವಾಗಿ ಓಡಿಸಿ ನೋಡುವುದು, ಆಮೇಲೆ ಕಳೆದ ಕೆಲವು ವಾರಗಳು, ಆಮೇಲೆ ಹಳೆಯ ಯತ್ನಗಳು, ಕೊನೆಗೆ ಈ ಗಳಿಗೆಯಲ್ಲಿ ಮನಸ್ಸಿನಲ್ಲೇನಿದೆ ಎಂಬುದು. ‘ಎಷ್ಟೋ ಜನಕ್ಕೆ ಹೀಗನ್ನಿಸುತ್ತದೆ’ ಎಂಬ ಪೀಠಿಕೆ ನಾಚಿಕೆಯನ್ನು ತಗ್ಗಿಸುತ್ತದೆ. ಸತ್ತುಹೋಗಬೇಕೆಂದಾ ಎಂದು ಬಾಯಿಬಿಟ್ಟು ಕೇಳಿದ್ದರಿಂದ ವಿಷಯ ಇಬ್ಬರ ನಡುವೆ ನಿಚ್ಚಳವಾಗುತ್ತದೆ.

‘ಗೊತ್ತಿಲ್ಲ’ ಎಂಬ ಆ ಉತ್ತರವನ್ನು ಹಾರಿಕೆಯೆಂದು ತಳ್ಳಿಹಾಕಬಾರದು. 1958ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಆತ್ಮಹತ್ಯೆ ತಡೆ ಕೇಂದ್ರ ಕಟ್ಟಿದವರಲ್ಲೊಬ್ಬನಾದ ಎಡ್ವಿನ್ ಶ್ನೈಡ್‌ಮನ್ ಜೀವನವಿಡೀ ಹೇಳುತ್ತ ಬಂದದ್ದು ಇದನ್ನೇ. ಈ ಜನ ಮುಗಿಸಬಯಸುವುದು ತಾಳಲಾರದ ಮನೋಯಾತನೆಯನ್ನು. ಸಾಯುವ ಆಸೆ, ಬದುಕುವ ಆಸೆ ಎರಡೂ ಒಂದೇ ಹೊತ್ತಿಗೆ ಒಳಗೆ ಜಗ್ಗಾಡುತ್ತಿರುತ್ತವೆ. ಆ ಜಗ್ಗಾಟ ಎಷ್ಟು ಬೇಗ ತಿರುಗಬಲ್ಲದೆಂಬುದಕ್ಕೆ ಆಸ್ಟ್ರಿಯಾದ ಇನ್ಸ್‌ಬ್ರುಕ್‌ನಿಂದ 2009ರಲ್ಲಿ ಬಂದ ಒಂದು ಅಧ್ಯಯನವಿದೆ. ಯತ್ನಿಸಿ ಬದುಕುಳಿದ 82 ಮಂದಿಯನ್ನು ಕೇಳಿದಾಗ, ಆ ಸಲದ ಯೋಚನೆ ಹುಟ್ಟಿದ್ದಕ್ಕೂ ಯತ್ನಕ್ಕೂ ನಡುವೆ ಹತ್ತು ನಿಮಿಷವೋ ಅದಕ್ಕಿಂತ ಕಡಿಮೆಯೋ ಇತ್ತೆಂದವರು ಹೆಚ್ಚುಕಡಿಮೆ ಅರ್ಧದಷ್ಟು.

ಇನ್ನೊಂದು ಎಡವಟ್ಟು ಕ್ಯಾಷುವಲ್ಟಿಯ ಗಡಿಬಿಡಿಯಲ್ಲಿ ಪದೇ ಪದೇ ಆಗುತ್ತದೆ. ನುಂಗಿದ್ದು ನಿರಪಾಯಕಾರಿ ಎಂದು ಗೊತ್ತಾದೊಡನೆ ‘ನಾಟಕ’ ಎಂದು ಷರಾ ಬರೆಯುವುದು. ದೇಹಕ್ಕಾದ ಹಾನಿಗೂ ಮನಸ್ಸಿನ ಉದ್ದೇಶಕ್ಕೂ ತಾಳೆಯಾಗಲೇಬೇಕೆಂದಿಲ್ಲ. ಔಷಧ ವಿಜ್ಞಾನ ಓದದ ಆಕೆಗೆ ಯಾವುದು ಎಷ್ಟು ಅಪಾಯಕಾರಿ ಎಂದು ಹೇಗೆ ತಿಳಿಯಬೇಕು? ಅವಳು ಏನಾಗುತ್ತದೆಂದು ನಂಬಿದ್ದಳು ಎಂಬುದೇ ಲೆಕ್ಕ. ಫಿಲಡೆಲ್ಫಿಯಾದ ಮನೋವೈದ್ಯ ಆರನ್ ಬೆಕ್ 1970ರ ದಶಕದಲ್ಲಿ ಸಿದ್ಧಪಡಿಸಿದ ಉದ್ದೇಶಮಾಪಕ ಇದನ್ನೇ ತಡಕುತ್ತದೆ: ಒಬ್ಬಳೇ ಇದ್ದ ಹೊತ್ತು ನೋಡಿಕೊಂಡಳೆ, ಯಾರೂ ಬರದಂತೆ ಎಚ್ಚರ ವಹಿಸಿದಳೆ, ಯಾರಿಗಾದರೂ ಹೇಳಿದ್ದಳೆ, ಆಮೇಲೆ ತಾನೇ ಸಹಾಯಕ್ಕೆ ಕೂಗಿದಳೆ, ಬದುಕಿದ್ದಕ್ಕೆ ಈಗ ಸಮಾಧಾನವಿದೆಯೆ. ಪಕ್ಕದ ಮನೆಯವಳು ಆಕಸ್ಮಿಕವಾಗಿ ಬಂದದ್ದರಿಂದ ಬದುಕಿದವಳ ಸ್ಥಿತಿ ಬೇರೆ, ತಾನೇ ಅಕ್ಕನಿಗೆ ಫೋನ್ ಮಾಡಿದವಳ ಸ್ಥಿತಿ ಬೇರೆ. ಇಬ್ಬರ ರಕ್ತದ ವರದಿ ಒಂದೇ ಇರಬಹುದು.

ಇಷ್ಟೆಲ್ಲ ಕೇಳಿ, ಅಂಕ ಹಾಕಿ, ಕೂಡಿ, ಯಾರು ಮುಂದೆ ಆತ್ಮಹತ್ಯೆ ಮಾಡಿಕೊಳ್ಳುತ್ತಾರೆಂದು ಮೊದಲೇ ಹೇಳಿಬಿಡಬಹುದಲ್ಲ? ಈ ಆಸೆಯ ಹಿಂದೆ ವೈದ್ಯವಿಜ್ಞಾನ ದಶಕಗಟ್ಟಲೆ ಓಡಿತು. ಟೆಕ್ಸಸ್‌ನ ಹ್ಯೂಸ್ಟನ್‌ನಲ್ಲಿ ಅಲೆಕ್ಸ್ ಪೊಕಾರ್ನಿ ಎಂಬ ಮನೋವೈದ್ಯ ಮಾಜಿ ಸೈನಿಕರ ಆಸ್ಪತ್ರೆಗೆ ಸಾಲಾಗಿ ದಾಖಲಾದ 4,800 ರೋಗಿಗಳನ್ನು ಹಲವಾರು ಅಳತೆಗೋಲುಗಳಿಂದ ಅಳೆದು, ವರ್ಷಗಟ್ಟಲೆ ಹಿಂಬಾಲಿಸಿದ. ಆ ಅವಧಿಯಲ್ಲಿ 67 ಮಂದಿ ಆತ್ಮಹತ್ಯೆ ಮಾಡಿಕೊಂಡರು. 1983ರಲ್ಲಿ ಲೆಕ್ಕ ಮುಂದಿಟ್ಟಾಗ, ಇದ್ದುದರಲ್ಲಿ ಒಳ್ಳೆಯ ಸೂತ್ರ ಅವರಲ್ಲಿ 35 ಜನರನ್ನು ಸರಿಯಾಗಿ ಗುರುತಿಸಿತ್ತು. ಆದರೆ ಅವರೊಡನೆ ಏನೂ ಮಾಡಿಕೊಳ್ಳದ 1,206 ಜನರನ್ನೂ ಅಪಾಯದ ಪಟ್ಟಿಗೆ ಸೇರಿಸಿತ್ತು. ಅಂದರೆ ಅಪಾಯವಿದೆ ಎಂದು ಬೆರಳು ತೋರಿಸಿದ ನೂರು ಜನರಲ್ಲಿ ಮೂವರಿಗಷ್ಟೂ ಅದು ನಿಜವಾಗಲಿಲ್ಲ. ಇನ್ನುಳಿದ 32 ಸಾವುಗಳು ‘ಅಪಾಯವಿಲ್ಲ’ದ ಪಟ್ಟಿಯಿಂದ ಬಂದವು.

ತಪ್ಪು ಪೊಕಾರ್ನಿಯದಲ್ಲ, ಅಂಕಗಣಿತದ್ದು. ಅಪರೂಪದ ಘಟನೆಯನ್ನು, ಎಲ್ಲೆಡೆ ಕಾಣುವ ಲಕ್ಷಣಗಳಿಂದ ಊಹಿಸಹೊರಟರೆ ಹೀಗೇ ಆಗುತ್ತದೆ. ಕುಡಿತ, ಸಾಲ, ಒಂಟಿತನ, ಜಗಳ, ನಿದ್ದೆಗೇಡು ಲಕ್ಷಾಂತರ ಜನರಿಗಿದೆ. 2017ರಲ್ಲಿ ಜೋಸೆಫ್ ಫ್ರಾಂಕ್ಲಿನ್ ತಂಡ ಐವತ್ತು ವರ್ಷಗಳ 365 ಅಧ್ಯಯನಗಳನ್ನು ಒಟ್ಟುಹಾಕಿ ನೋಡಿದಾಗ, ನಮ್ಮ ಮುನ್ಸೂಚನೆ ನಾಣ್ಯ ಚಿಮ್ಮುವುದಕ್ಕಿಂತ ತುಸುವೇ ಮೇಲಿತ್ತು. ಐವತ್ತು ವರ್ಷಗಳಲ್ಲಿ ಸುಧಾರಿಸಿಯೂ ಇರಲಿಲ್ಲ. ಚಿಕಿತ್ಸೆಗೆ ಮಾರ್ಗಸೂಚಿ ರೂಪಿಸುವ ಬ್ರಿಟನ್ನಿನ ನೈಸ್ ಸಂಸ್ಥೆ 2022ರ ಮಾರ್ಗಸೂಚಿಯಲ್ಲಿ ಖಂಡಿತವಾಗಿ ಹೇಳಿತು: ಮುಂದಿನ ಆತ್ಮಹತ್ಯೆಯನ್ನು ಊಹಿಸಲು ಅಂಕಪಟ್ಟಿ ಬಳಸಬೇಡಿ, ಯಾರಿಗೆ ಚಿಕಿತ್ಸೆ ಕೊಡಬೇಕು, ಯಾರನ್ನು ಮನೆಗೆ ಕಳಿಸಬೇಕು ಎಂಬುದನ್ನು ಅದರಿಂದ ತೀರ್ಮಾನಿಸಬೇಡಿ. ಹಾಗಿದ್ದೂ ‘ಲೋ ರಿಸ್ಕ್’ ಎಂದು ಚೌಕದಲ್ಲಿ ಗೆರೆ ಎಳೆಯುವ ಫಾರಂಗಳು ಇಂದಿಗೂ ಆಸ್ಪತ್ರೆಗಳಲ್ಲಿ ಅಚ್ಚಾಗುತ್ತಿವೆ. ಆ ಗೆರೆಯಿಂದ ರಕ್ಷಣೆ ಸಿಗುವುದು ಆಸ್ಪತ್ರೆಗೆ, ರೋಗಿಗಲ್ಲ.

ಹಾಗಾದರೆ ಕೇಳಿ ಪ್ರಯೋಜನವೇನು? ಅಮೆರಿಕದ ಎಂಟು ಆಸ್ಪತ್ರೆಗಳ ತುರ್ತು ವಿಭಾಗಗಳಲ್ಲಿ, 1,376 ರೋಗಿಗಳ ಮೇಲೆ ನಡೆದ ಪ್ರಯೋಗದಲ್ಲಿ ಇದಕ್ಕೆ ಉತ್ತರವಿದೆ. ಮೊದಲ ಹಂತದಲ್ಲಿ ಎಂದಿನ ಚಿಕಿತ್ಸೆ. ಎರಡನೆಯದರಲ್ಲಿ ಬಂದವರನ್ನೆಲ್ಲ ಈ ಬಗ್ಗೆ ಕೇಳಿದರು. ಮೂರನೆಯದರಲ್ಲಿ ಕೇಳುವುದರ ಜೊತೆಗೆ ಸುರಕ್ಷತಾ ಯೋಜನೆ ಬರೆಸಿ, ಮುಂದೆ ವರ್ಷವಿಡೀ ಆಗಾಗ ಫೋನ್ ಮಾಡಿದರು. 2017ರಲ್ಲಿ ಬಂದ ಫಲಿತಾಂಶ: ಬರೀ ಕೇಳಿದ್ದರಿಂದ ಮರುಯತ್ನಗಳು ಇಳಿಯಲಿಲ್ಲ. ಕೇಳಿ, ಯೋಜನೆ ಮಾಡಿ, ಫೋನ್ ಮಾಡಿದ ಹಂತದಲ್ಲಿ ಒಟ್ಟು ಯತ್ನಗಳು ಶೇ 30ರಷ್ಟು ಇಳಿದವು. ಮೌಲ್ಯಮಾಪನ ಚಿಕಿತ್ಸೆಯ ಮೊದಲ ಕಂತಾದರೆ ಮಾತ್ರ ಅದಕ್ಕೆ ಅರ್ಥ.

ಇದಕ್ಕೆ ಅಮೆರಿಕದವರೆಗೆ ಹೋಗಬೇಕಾಗಿಯೂ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆ ಐದು ಊರುಗಳ ತುರ್ತು ವಿಭಾಗಗಳಲ್ಲಿ ನಡೆಸಿದ ಪ್ರಯೋಗದಲ್ಲಿ ಚೆನ್ನೈಯೂ ಇತ್ತು. ಕೊಲಂಬೊ, ಬ್ರೆಜಿಲ್‌ನ ಕಂಪೀನಾಸ್, ಇರಾನಿನ ಕರಜ್, ಚೀನಾದ ಯುಂಚೆಂಗ್ ಉಳಿದವು. ಒಟ್ಟು 1,867 ಮಂದಿ. ಅರ್ಧದಷ್ಟು ಜನಕ್ಕೆ ಎಂದಿನ ಚಿಕಿತ್ಸೆ. ಉಳಿದವರಿಗೆ ಡಿಸ್ಚಾರ್ಜಿನ ಹೊತ್ತಿಗೆ ಒಂದು ಗಂಟೆ ಮಾತು, ಆಮೇಲೆ ಹದಿನೆಂಟು ತಿಂಗಳಲ್ಲಿ ಒಂಬತ್ತು ಸಲ ಫೋನ್ ಅಥವಾ ಭೇಟಿ. ಹದಿನೆಂಟು ತಿಂಗಳ ಕೊನೆಗೆ ಎಂದಿನ ಚಿಕಿತ್ಸೆಯ ಗುಂಪಿನಲ್ಲಿ ಶೇ 2.2 ಜನ ಆತ್ಮಹತ್ಯೆಯಿಂದ ಸತ್ತಿದ್ದರು. ಮಾತಾಡಿಸುತ್ತಿದ್ದ ಗುಂಪಿನಲ್ಲಿ ಶೇ 0.2. ಆಮೇಲಿನ ಇಂಥ ಪ್ರಯೋಗಗಳಲ್ಲೆಲ್ಲ ಇಷ್ಟೇ ಫಲ ಸಿಕ್ಕಿಲ್ಲ ಎಂಬುದನ್ನೂ ಹೇಳಬೇಕು. ಆದರೂ ಒಂದು ಗಂಟೆ ಮತ್ತು ಒಂಬತ್ತು ಕರೆಗಳ ಖರ್ಚನ್ನು ಐಸಿಯುವಿನ ಒಂದು ದಿನದ ಖರ್ಚಿನ ಪಕ್ಕ ಇಟ್ಟು ನೋಡಿದರೆ, ಇದನ್ನು ಮಾಡದಿರಲು ನೆಪವಿಲ್ಲ.

ಮೇಲೆ ಹೇಳಿದ ಸುರಕ್ಷತಾ ಯೋಜನೆ ಒಂದು ಹಾಳೆಯ ಕೆಲಸ. ಬಾರ್ಬರಾ ಸ್ಟ್ಯಾನ್ಲಿ, ಗ್ರೆಗರಿ ಬ್ರೌನ್ ಎಂಬ ಮನೋವಿಜ್ಞಾನಿಗಳು ಅದರ ಮಾದರಿ ಹಾಕಿಕೊಟ್ಟರು. 2018ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ, ಈ ಹಾಳೆ ಮತ್ತು ಬೆನ್ನಿಗೇ ಬರುವ ಫೋನ್ ಕರೆ ಸಿಕ್ಕವರಲ್ಲಿ ಆರು ತಿಂಗಳ ಅವಧಿಯ ಆತ್ಮಹತ್ಯಾ ವರ್ತನೆ ಶೇ 45ರಷ್ಟು ಕಡಿಮೆಯಿತ್ತು. ಹಾಳೆಯಲ್ಲಿರುವುದು ರೋಗಿಯದೇ ಮಾತು. ಆ ಯೋಚನೆ ಬರುವ ಮುನ್ನ ಏನಾಗುತ್ತದೆ? ಆಗ ಒಬ್ಬಳೇ ಏನು ಮಾಡಬಲ್ಲಳು? ಎಲ್ಲಿಗೆ ಎದ್ದು ಹೋಗಬಲ್ಲಳು? ಯಾರಿಗೆ ಹೇಳಬಲ್ಲಳು, ಅವರ ನಂಬರೇನು? ಯಾವ ಆಸ್ಪತ್ರೆ, ಯಾವ ಸಹಾಯವಾಣಿ? ಮನೆಯಲ್ಲಿ ಅಪಾಯಕಾರಿಯಾದದ್ದೇನಿದೆ, ಅದನ್ನು ಯಾರು ಆಚೆ ಸಾಗಿಸುತ್ತಾರೆ? ನಮ್ಮ ಮಂಡ್ಯದ ಹೆಣ್ಣುಮಗಳ ಹಾಳೆಯಲ್ಲಿ ‘ಅವರು ಕುಡಿದು ಬಂದ ಸದ್ದು ಕೇಳಿದರೆ ಮಗಳನ್ನು ಎತ್ತಿಕೊಂಡು ಹಿಂದಿನ ಮನೆಯ ಜಯಕ್ಕನ ಹತ್ತಿರ ಹೋಗುತ್ತೇನೆ’ ಎಂದಿರಬಹುದು. ‘ಧೈರ್ಯವಾಗಿರುತ್ತೇನೆ’ ಎಂಬುದಕ್ಕಿಂತ ಇದು ಸಾವಿರ ಪಾಲು ಮೇಲು.

ನಮ್ಮ ಮನೆಗಳಲ್ಲಿ ಇದರ ಬದಲು ನಡೆಯುವುದು ಆಣೆ. ‘ಮಗುವಿನ ತಲೆ ಮೇಲೆ ಕೈಯಿಟ್ಟು ಹೇಳು, ಇನ್ನೊಂದ್ಸಲ ಮಾಡ್ಕೊಳಲ್ಲ ಅಂತ.’ ಪಶ್ಚಿಮದ ಆಸ್ಪತ್ರೆಗಳು ಇದನ್ನೇ ಕಾಗದದಲ್ಲಿ ಬರೆಸಿಕೊಂಡು ಸಹಿ ಹಾಕಿಸುತ್ತಿದ್ದವು. ಅದು ಸಾವನ್ನು ತಡೆಯುತ್ತದೆಂಬುದಕ್ಕೆ ಪುರಾವೆ ಸಿಕ್ಕಿಲ್ಲ. ಆಣೆ ಏನು ಮಾಡಬಾರದೆಂದು ಹೇಳುತ್ತದೆ, ಆ ಗಳಿಗೆ ಬಂದಾಗ ಏನು ಮಾಡಬೇಕೆಂದು ಹೇಳುವುದಿಲ್ಲ. ಮೇಲಾಗಿ, ಆಣೆ ಮಾಡಿದವಳಿಗೆ ಮತ್ತೆ ಆ ಯೋಚನೆ ಬಂದರೆ ಅದನ್ನು ಯಾರಿಗೂ ಹೇಳಲಾಗದಂತೆ ಬಾಯಿಗೆ ಬೀಗ ಬೀಳುತ್ತದೆ.

ಹಾಳೆಯ ಕೊನೆಯ ಪ್ರಶ್ನೆಗೆ, ಅಂದರೆ ಮನೆಯಲ್ಲಿರುವ ಅಪಾಯಕ್ಕೆ, ರೈತಾಪಿ ನಾಡಿನಲ್ಲಿ ವಿಶೇಷ ತೂಕವಿದೆ. ಕೀಟನಾಶಕವನ್ನು ಬೀಗ ಹಾಕಿಡಿ ಎಂಬ ಸಲಹೆ ಸುಲಭ. ಆದರೆ ಶ್ರೀಲಂಕಾದ 180 ಹಳ್ಳಿಗಳ ಪೈಕಿ ಅರ್ಧದಲ್ಲಿ ಬೀಗದ ಪೆಟ್ಟಿಗೆ ಹಂಚಿ ಪರೀಕ್ಷಿಸಿದ ದೊಡ್ಡ ಪ್ರಯೋಗದಲ್ಲಿ ಅದರಿಂದ ವಿಷಪ್ರಕರಣಗಳು ಇಳಿಯಲಿಲ್ಲ. ಅದೇ ದೇಶ ಅತಿ ವಿಷಕಾರಿಯಾದ ಕೀಟನಾಶಕಗಳನ್ನು ಒಂದೊಂದಾಗಿ ನಿಷೇಧಿಸಿದಾಗ ಆತ್ಮಹತ್ಯೆಯ ಪ್ರಮಾಣ ಎರಡು ದಶಕಗಳಲ್ಲಿ ಸುಮಾರು ಶೇ 70ರಷ್ಟು ಇಳಿಯಿತು. ಹತ್ತು ನಿಮಿಷದ ಆ ಜಗ್ಗಾಟದಲ್ಲಿ ಕೈಗೆ ಏನು ಸಿಗುತ್ತದೆ ಎಂಬುದನ್ನು ಸರ್ಕಾರವೂ ತೀರ್ಮಾನಿಸುತ್ತದೆ. ಡಿಸ್ಚಾರ್ಜ್ ಮಾಡುವ ವೈದ್ಯರ ಕೈಯಲ್ಲಿರುವುದು ಇಷ್ಟು: ಮನೆಯವರನ್ನು ಕೂರಿಸಿಕೊಂಡು, ಉಳಿದ ಔಷಧಿ, ಮಾತ್ರೆಗಳನ್ನು ಈಕೆ ಮನೆಗೆ ಬರುವ ಮುನ್ನವೇ ಆಚೆ ಸಾಗಿಸಲು ಹೇಳುವುದು, ಸಾಗಿಸಿದಿರಾ ಎಂದು ಮಾರನೆಯ ದಿನ ಫೋನ್ ಮಾಡಿ ಕೇಳುವುದು.

2022ರಲ್ಲಿ ದೇಶದಲ್ಲಿ 1,70,924 ಆತ್ಮಹತ್ಯೆಗಳು ದಾಖಲಾದವೆಂದು ರಾಷ್ಟ್ರೀಯ ಅಪರಾಧ ದಾಖಲೆಗಳ ವಿಭಾಗ ಹೇಳುತ್ತದೆ; ಕರ್ನಾಟಕದಲ್ಲಿ 13,606. ಶೇ 31.7ಕ್ಕೆ ಕೌಟುಂಬಿಕ ಸಮಸ್ಯೆ, ಶೇ 18.4ಕ್ಕೆ ಕಾಯಿಲೆ ಕಾರಣವೆಂದು ಬರೆದಿದೆ. ಒಬ್ಬೊಬ್ಬರಿಗೆ ಒಂದೊಂದೇ ಕಾರಣ ಬರೆಯುವ ಪೊಲೀಸ್ ಲೆಕ್ಕವಿದು; ಕಂತು, ಕುಡಿತ, ಹೊಡೆತ ಮೂರೂ ಒಂದೇ ಮಧ್ಯಾಹ್ನ ಸೇರಿಕೊಂಡದ್ದು ಅದರಲ್ಲಿ ಕಾಣುವುದಿಲ್ಲ. ಯತ್ನಿಸಿ ಆಸ್ಪತ್ರೆ ಸೇರಿದವರ ಬಗ್ಗೆ 90 ಅಧ್ಯಯನಗಳನ್ನು ಪರಿಶೀಲಿಸಿದ 2002ರ ವರದಿಯ ಪ್ರಕಾರ, ವರ್ಷದೊಳಗೆ ಸುಮಾರು ಶೇ 16 ಜನ ಮತ್ತೆ ಹಾಗೆ ಮಾಡಿಕೊಳ್ಳುತ್ತಾರೆ, ಸುಮಾರು ಶೇ 2 ಜನ ಸಾಯುತ್ತಾರೆ. ಇದರ ಮಗ್ಗುಲನ್ನೂ ಓದಿಕೊಳ್ಳಬೇಕು: ಬಹುಪಾಲು ಜನ ಬದುಕುತ್ತಾರೆ.

ಓದುಗರಲ್ಲಿ ಯಾರಾದರೂ ಇಂಥವರನ್ನು ಮನೆಗೆ ಕರೆತರುವ ಸಂದರ್ಭ ಬಂದರೆ, ಡಿಸ್ಚಾರ್ಜಿಗೆ ಮುನ್ನ ಮೂರನ್ನು ಕೇಳಿ ಪಡೆಯಿರಿ: ಏಕಾಂತದಲ್ಲಿ ಮಾತಾಡಿದ ಮೌಲ್ಯಮಾಪನ, ಬರೆದ ಯೋಜನೆ, ಮುಂದಿನ ಭೇಟಿಯ ದಿನಾಂಕ. ಮನೆಯಲ್ಲಿ ಅನುಮಾನ ಬಂದಾಗ ನೀವೂ ನೇರವಾಗಿ ಕೇಳಿ, ಕೇಳಿದ್ದರಿಂದ ಕೆಡುಕಾಗುವುದಿಲ್ಲ. ನಿಮಗೇ ಹಾಗನ್ನಿಸುತ್ತಿದ್ದರೆ ಈಗಲೇ ಒಬ್ಬರಿಗೆ ಹೇಳಿ, ಇಲ್ಲವೇ ಹತ್ತಿರದ ಆಸ್ಪತ್ರೆಯ ಕ್ಯಾಷುವಲ್ಟಿಗೆ ಹೋಗಿ. 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ-ಮಾನಸ್ ಸಹಾಯವಾಣಿಯ ಸಂಖ್ಯೆ 14416. ಹಗಲು ರಾತ್ರಿ, ಹಣವಿಲ್ಲದೆ, ಕನ್ನಡದಲ್ಲೇ ಮಾತಾಡಬಹುದು.